ಒಂದೇ ಡೈರೆಕ್ಟರಿ, ಎಲ್ಲ ಯಂತ್ರಗಳ ಖಾತೆ

ಲಿನಕ್ಸ್ ಯಂತ್ರವೊಂದರ ಬಳಕೆದಾರರ ಖಾತೆಗಳು ಸಾಮಾನ್ಯವಾಗಿ ಅದರದ್ದೇ ಕೆಲವು ಪಠ್ಯ ಕಡತಗಳಲ್ಲಿರುತ್ತವೆ. ಯಂತ್ರ ಒಂದೋ ಎರಡೋ ಇದ್ದಾಗ ಇದಕ್ಕಿಂತ ಸರಳವಾದ ಏರ್ಪಾಡು ಬೇಕಿಲ್ಲ. ಯಂತ್ರಗಳು ನೂರಾದಾಗ ಕೆಲಸ ಬಿಟ್ಟುಹೋದವರ ಖಾತೆ ಯಾವುದೋ ಸರ್ವರ್‌ನಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಖಾತೆಗಳೆಲ್ಲವನ್ನೂ ಒಂದೇ ಕಡೆ ಇಡುವ ಎಲ್‌ಡ್ಯಾಪ್ ಡೈರೆಕ್ಟರಿ ಈ ತೊಡಕನ್ನು ಬುಡದಲ್ಲೇ ಕೀಳುತ್ತದೆ.

ಎಕ್ಸ್.500 ಎಂಬ ಭಾರವಾದ ಮಾನದಂಡವನ್ನು ಹಗುರಗೊಳಿಸಲು ಹುಟ್ಟಿದ ಎಲ್‌ಡ್ಯಾಪ್ ಪ್ರೋಟೊಕಾಲ್‌ನ ಮೊದಲ ವಿವರಣೆ ಪ್ರಕಟವಾದದ್ದು 1993ರಲ್ಲಿ. ಬಳಕೆದಾರ ಸಂಖ್ಯೆ, ಗುಂಪು, ಹೋಮ್ ಡೈರೆಕ್ಟರಿ, ಶೆಲ್ ಇವನ್ನೆಲ್ಲ ಡೈರೆಕ್ಟರಿಯಲ್ಲಿ ದಾಖಲಿಸುವ ಬಗೆಯನ್ನು 1998ರ ಆರ್‌ಎಫ್‌ಸಿ 2307 ಗೊತ್ತುಮಾಡಿತು.

ಈ ಏರ್ಪಾಡಿನ ಚೆಲುವು ಎದ್ದು ಕಾಣುವುದು ಲಿನಕ್ಸ್ ಯಂತ್ರದ ಒಳಗೆ. ಕಡತದ ಒಡೆಯನ ಹೆಸರು ತೋರಿಸುವ ಆಜ್ಞೆಗೆ ಆ ಹೆಸರು ಎಲ್ಲಿಂದ ಬಂತೆಂಬುದು ತಿಳಿಯಬೇಕಾಗಿಯೇ ಇಲ್ಲ. ಹೆಸರು ಹುಡುಕುವ ಹೊಣೆ ಎನ್‌ಎಸ್‌ಎಸ್‌ನದು, ಗುರುತು ಪರೀಕ್ಷಿಸುವ ಹೊಣೆ ಪ್ಯಾಮ್‌ನದು. ಸಂರಚನೆಯ ಕೆಲವೇ ಸಾಲು ತಿದ್ದಿದರೆ ಎರಡೂ ಡೈರೆಕ್ಟರಿಯತ್ತ ತಿರುಗುತ್ತವೆ. ಹಳೆಯ ಪ್ರೋಗ್ರಾಂಗಳನ್ನು ಮುಟ್ಟಬೇಕಿಲ್ಲ. ಇಷ್ಟು ಅಚ್ಚುಕಟ್ಟಾದ ವಿಂಗಡಣೆ ತಂತ್ರಾಂಶ ಲೋಕದಲ್ಲಿ ಅಪರೂಪ. ಎನ್‌ಎಸ್‌ಎಸ್, ಪ್ಯಾಮ್‌ಗಳಿಗೂ ಡೈರೆಕ್ಟರಿಗೂ ನಡುವೆ ನಿಲ್ಲುವ ಎಸ್‌ಎಸ್‌ಎಸ್‌ಡಿ ಎಂಬ ಸೇವೆ ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಳ್ಳುತ್ತದೆ. ರುಜುವಾತನ್ನೂ ಉಳಿಸಿಕೊಳ್ಳುವಂತೆ ಹೊಂದಿಸಿದ್ದರೆ, ನೆಟ್‌ವರ್ಕ್ ಕಡಿದಾಗಲೂ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗಬಹುದು.

ಖಾತೆಗಳಷ್ಟೇ ಅಲ್ಲ, ಸುಡೋ ನಿಯಮಗಳು, ಆಟೋಮೌಂಟ್ ನಕ್ಷೆಗಳು ಕೂಡ ಡೈರೆಕ್ಟರಿಯಲ್ಲಿ ನೆಲೆಸಬಲ್ಲವು. ಆದರೆ ಖಾತೆಗಳನ್ನು ಅಲ್ಲಿಗೆ ಸಾಗಿಸುವ ಮುನ್ನ, ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ಬಳಕೆದಾರ ಸಂಖ್ಯೆ ಇಬ್ಬರಿಗೆ ಹೋಗಿದ್ದರೆ ಅದನ್ನು ಸರಿಪಡಿಸಬೇಕು. ಸಂಪರ್ಕಕ್ಕೆ ಟಿಎಲ್‌ಎಸ್ ಬೇಕೇ ಬೇಕು. ಡೈರೆಕ್ಟರಿ ಸರ್ವರ್ ಎರಡಾದರೂ ಇರಲಿ, ರೂಟ್ ಖಾತೆ ಮಾತ್ರ ಆಯಾ ಯಂತ್ರದಲ್ಲೇ ಉಳಿಯಲಿ.