ಕನಿಷ್ಕ ಬಿಸ್ವಾಸರ ಉಷ್ಣವಿದ್ಯುತ್ ಸಂಶೋಧನೆ: ಒಂದು ವಿಮರ್ಶೆ

ವಿಜ್ಞಾನಿಯ ಸಾಧನೆಯನ್ನು ಒಂದು ಅಂಕಿಯಿಂದ ಅಳೆಯುವ ವಾಡಿಕೆಯನ್ನು ಚರಿತ್ರೆಯ ಅಭ್ಯಾಸಿಗಳಾದ ನಾವು ಒಪ್ಪಲಾರೆವು. ಶಾಖವನ್ನು ನೇರವಾಗಿ ವಿದ್ಯುತ್ತಾಗಿಸುವ ದ್ರವ್ಯದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯಬೇಕು, ಶಾಖ ಹರಿಯಬಾರದು. ಇವೆರಡೂ ಹೆಣೆದುಕೊಂಡಿರುವುದೇ ತೊಡಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾಯರ ಶಿಷ್ಯರಾಗಿದ್ದ ಬಿಸ್ವಾಸರು, ಅಮೆರಿಕದಲ್ಲಿ ಕನಾಟ್ಜಿಡಿಸರೊಡನೆ ನಡೆಸಿ 2012ರಲ್ಲಿ ಪ್ರಕಟಿಸಿದ ಕಾರ್ಯದಲ್ಲಿ, ಸೀಸದ ಟೆಲ್ಲುರೈಡಿನೊಳಗೆ ಪರಮಾಣುವಿನಿಂದ ಹರಳುಕಣದವರೆಗೆ ಎಲ್ಲ ಅಳತೆಯ ಅಡ್ಡಿಗಳನ್ನೊಡ್ಡಿ ಶಾಖವನ್ನು ತಡೆದರು. ದಕ್ಷತೆಯ ಗುಣಾಂಕ 915 ಕೆಲ್ವಿನ್‌ನಲ್ಲಿ ಸುಮಾರು 2.2ಕ್ಕೇರಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಅವರ ತಂಡ 2021ರಲ್ಲಿ ಹಿಡಿದುದು ಬೇರೆಯೇ ದಾರಿ. ಬೆಳ್ಳಿ-ಆಂಟಿಮೊನಿ ಟೆಲ್ಲುರೈಡಿಗೆ ತುಸು ಕ್ಯಾಡ್ಮಿಯಂ ಬೆರೆಸಲು, ಪರಮಾಣುಗಳ ಅಸ್ತವ್ಯಸ್ತತೆ ಕಡಮೆಯಾಗಿ ವಿದ್ಯುತ್ತಿನ ಹಾದಿ ತೆರವಾಯಿತು. ಹಾಗೆ ಮೂಡಿದ ಅತಿಸೂಕ್ಷ್ಮ ವ್ಯವಸ್ಥಿತ ನೆಲೆಗಳೇ ಶಾಖಕ್ಕೆ ತಡೆಯಾದುವು. 573 ಕೆಲ್ವಿನ್‌ನಲ್ಲಿ ಗುಣಾಂಕ 2.6. ಜನ ನೆನೆಯುವುದು ಈ ಅಂಕಿಯನ್ನು; ನಮ್ಮ ಮತದಲ್ಲಿ ಹಿರಿದಾದುದು, ಅಡ್ಡಿಯಿಂದ ವ್ಯವಸ್ಥೆಯೆಡೆಗಿನ ಆ ತಿರುವು.

ಆಕ್ಷೇಪವೂ ಉಂಟು. ಬೆಳ್ಳಿ ದುಬಾರಿ, ಟೆಲ್ಲುರಿಯಂ ವಿರಳ, ಕ್ಯಾಡ್ಮಿಯಂ ವಿಷ. ನಮ್ಮ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಉರಿಸುವ ಬಾಯ್ಲರುಗಳ ಶಾಖ ಚಿಮಣಿಯಿಂದ ವ್ಯರ್ಥವಾಗಿ ಹೋಗುತ್ತದೆ. ಅಂಥ ಕಡೆಗೆ ಬೇಕಾದುದು ಅಗ್ಗವೂ ನಿರಪಾಯವೂ ಆದ ದ್ರವ್ಯ. ಬಿಸ್ವಾಸರು ತವರದ ಟೆಲ್ಲುರೈಡನ್ನು ಕೈಗೊಂಡುದರಿಂದ ಸೀಸವೇನೋ ತಪ್ಪಿತು. ಟೆಲ್ಲುರಿಯಂ ಅಲ್ಲಿಯೂ ಉಳಿದಿದೆ.