ಬಲ್ಬು ತೂಗಿದ್ದು ಯಾರು?

ಆನ್ರಿ-ಜಾರ್ಜ್ ಕ್ಲೂಜೊ ಎಂದರೆ ‘ವೇಜಸ್ ಆಫ್ ಫಿಯರ್’ನ ನೈಟ್ರೊಗ್ಲಿಸರಿನ್ ಲಾರಿಗಳು, ‘ಲೆ ಡಯಾಬೊಲಿಕ್’ನ ಸ್ನಾನದ ತೊಟ್ಟಿ. ಎದೆ ಝಲ್ಲೆನಿಸುವ ಕಸುಬುದಾರ ಎಂದು ಅಲ್ಲಿಗೇ ಮಾತು ಮುಗಿಸುವವರು ಹೆಚ್ಚು. ಆತನ ನಿಜವಾದ ಗಟ್ಟಿ ಚಿತ್ರ ಅವಕ್ಕಿಂತ ಹಿಂದಿನದು: 1943ರ ‘ಲ ಕೋರ್ಬೊ’, ಅಂದರೆ ಕಾಗೆ. ಸಣ್ಣ ಊರೊಂದರಲ್ಲಿ ‘ಕಾಗೆ’ ಎಂಬ ಸಹಿಯ ಮೂಗರ್ಜಿಗಳು ಮನೆಮನೆಯ ಗುಟ್ಟು ಬಯಲು ಮಾಡುತ್ತವೆ. ಫ್ರಾನ್ಸನ್ನು ಆಕ್ರಮಿಸಿದ್ದ ಜರ್ಮನರ ಕಾಂಟಿನೆಂಟಲ್ ಕಂಪನಿಗಾಗಿ ತೆಗೆದದ್ದು, ವಿಮೋಚನೆಯ ನಂತರ ಆತನಿಗೆ ಬಿದ್ದ ನಿಷೇಧ, ಎಲ್ಲ ಗೊತ್ತಿರುವ ಕತೆ. ಫ್ರೆಂಚರಿಗೆ ಮಸಿ ಬಳಿದ ಎಂದು ಅಂದಿನವರು ಬೈದರು. ಆತನ ಈಗಿನ ವಕೀಲರು ಇನ್ನೊಂದು ತುದಿ ಹಿಡಿದು, ಗೆಸ್ಟಾಪೊಗೆ ಚಾಡಿ ಬರೆದವರನ್ನು ಬಯಲಿಗೆಳೆದ ಗುಪ್ತ ಪ್ರತಿರೋಧ ಇದು ಎನ್ನುತ್ತಾರೆ. ಆದರೆ ಚಿತ್ರಕಥೆಗಾರ ಲೂಯಿ ಶಾವಾನ್ಸ್‌ನ ಕಥೆ ಯುದ್ಧಕ್ಕಿಂತ ಹಳೆಯದು. ಅದರ ಬೇರಿರುವುದು ಫ್ರಾನ್ಸಿನ ತ್ಯೂಲ್ ಪಟ್ಟಣವನ್ನು 1917ರಿಂದ ಕಾಡಿದ ಪತ್ರಗಳಲ್ಲಿ. ಸಂಬಳ ಕೊಟ್ಟವರು ಯಾರೆಂಬುದನ್ನು ಈ ಹೊಸ ಸಮರ್ಥನೆ ತೊಳೆಯಲಾರದು, ತೊಳೆಯಬೇಕಾಗಿಯೂ ಇಲ್ಲ.

ಎರಡೂ ಬಣದವರು ಎತ್ತಿಕೊಳ್ಳುವುದು ಒಂದೇ ದೃಶ್ಯವನ್ನು. ಅಕ್ಷರದ ಜಾಡು ಹಿಡಿಯಲು ಶಾಲೆಯ ಕೋಣೆಯಲ್ಲಿ ಶಂಕಿತರಿಗೆಲ್ಲ ಉಕ್ತಲೇಖನ ಬರೆಸಲಾಗಿದೆ. ಮುದಿ ಮನೋವೈದ್ಯ ವೋರ್ಜೆ, ಒಳ್ಳೆಯದು-ಕೆಟ್ಟದ್ದು ಬೇರೆಬೇರೆ ಎಂದು ನಂಬಿದ ಡಾ. ಜೆರ್ಮೆನ್‌ಗೆ ಪಾಠ ಹೇಳುತ್ತ ಮೇಲಿಂದ ಇಳಿಬಿಟ್ಟ ಬಲ್ಬನ್ನು ತಳ್ಳುತ್ತಾನೆ. ನೆರಳು ಅತ್ತಿತ್ತ ಓಲಾಡುತ್ತದೆ, ಬೆಳಕೆಲ್ಲಿ, ಕತ್ತಲೆಲ್ಲಿ? ನಿಲ್ಲಿಸಿದರಾಯಿತು ಎಂದು ಜೆರ್ಮೆನ್ ಕೈಹಾಕುತ್ತಾನೆ, ಬೆರಳು ಸುಟ್ಟುಕೊಳ್ಳುತ್ತಾನೆ. ಇದೇ ಕ್ಲೂಜೊನ ದರ್ಶನ ಎಂದು ಎಷ್ಟು ಪುಟ ಬರೆದಿದ್ದಾರೋ! ಕೊನೆಯಲ್ಲಿ ಆ ಪತ್ರಗಳ ಸೂತ್ರಧಾರ ಇದೇ ವೋರ್ಜೆ ಎಂದು ಗೊತ್ತಾಗುತ್ತದಲ್ಲ, ಅದನ್ನು ಮಾತ್ರ ಮರೆಯುತ್ತಾರೆ. ಎಲ್ಲರೂ ಅರೆಗಪ್ಪು ಎಂಬ ತತ್ವದಿಂದ ಲಾಭ ಯಾರಿಗೆ? ಬಲ್ಬು ತಾನಾಗಿ ತೂಗಲಿಲ್ಲ, ತಪ್ಪಿತಸ್ಥನ ಕೈಯೇ ತೂಗಿತು. ಆ ಮಾತಿನ ಸೊಗಸಿಗೆ ನಾವು ಮರುಳಾಗುವುದೇ ಕ್ಲೂಜೊ ಒಡ್ಡಿದ ಬಲೆ.

ಹಾಗಿದ್ದರೆ ಜೆರ್ಮೆನ್‌ನ ಬೆರಳು ಸುಡುವುದು ವೋರ್ಜೆಯ ಮಾತು ನಿಜವೆಂದು ಸಾಬೀತು ಮಾಡಿದಂತಲ್ಲವೇ ಎನ್ನಬಹುದು. ಅರ್ಧ ಒಪ್ಪುತ್ತೇನೆ. ಬಲ್ಬು ಬಿಸಿಯಿರುವುದು ನಿಜ, ಬರಿಗೈ ಸಾಲದೆಂಬುದೂ ನಿಜ. ಅದನ್ನು ನಿಲ್ಲಿಸಬಾರದು ಎಂಬುದಕ್ಕೆ ಮಾತ್ರ ಇದು ಸಾಕ್ಷಿಯಲ್ಲ. ಕ್ಲೂಜೊ ಉತ್ತರ ಕೊಡುವುದು ಕೊನೆಯ ಚಿತ್ರಿಕೆಯಲ್ಲಿ. ಪತ್ರ ಓದಿ ಕ್ಷೌರದ ಕತ್ತಿಯಿಂದ ಪ್ರಾಣ ಕಳೆದುಕೊಂಡ ರೋಗಿಯ ತಾಯಿ, ಅದೇ ಕತ್ತಿಯಿಂದ ವೋರ್ಜೆಯನ್ನು ಮುಗಿಸಿ, ಕಪ್ಪು ಮುಸುಕಿನಲ್ಲಿ ಬೀದಿಗಿಳಿಯುತ್ತಾಳೆ. ಮಕ್ಕಳು ಆಡುತ್ತಿದ್ದಾರೆ. ಜೆರ್ಮೆನ್ ಕಿಟಕಿಯಿಂದ ನೋಡುತ್ತಾನೆ, ಕೂಗುವುದಿಲ್ಲ. ಇಲ್ಲಿ ತೂಗುವ ಬೆಳಕಿಲ್ಲ. ನಿಚ್ಚಳ ಹಗಲು, ಅದರ ನಡುವೆ ಅವಸರವಿಲ್ಲದೆ ದೂರವಾಗುವ ಒಂದು ಕಪ್ಪು ಆಕೃತಿ.