ಕರಗಬಲ್ಲ ದೇವರು

ಶಿಲಾವಿಗ್ರಹಗಳ ರಸಿಕರು ಕಲ್ಲಿನ ನುಣುಪನ್ನೂ ಉಳಿಯ ನಯವನ್ನೂ ನೋಡುವರು. ಲೋಹಮೂರ್ತಿಗಳನ್ನು ಬಲ್ಲವರು ಎರಕದ ಶುದ್ಧಿಯನ್ನೂ ಅಂಗಾಂಗಗಳ ಪ್ರಮಾಣವನ್ನೂ ಪರೀಕ್ಷಿಸುವರು. ಆದರೆ ಮುಂಗಾರಿನ ಮೋಡಗಳು ಕವಿದಂದಿನಿಂದ ಹಿಂಗಾರಿನ ಬಿತ್ತನೆಯ ಹೊತ್ತಿನವರೆಗೆ ನಮ್ಮ ಹುಬ್ಬಳ್ಳಿ-ಧಾರವಾಡದ ಓಣಿಗಳಿಗೂ ಸುತ್ತಲಿನ ಹಳ್ಳಿಗಳಿಗೂ ಒಬ್ಬರ ಹಿಂದೊಬ್ಬರಂತೆ ಬಂದುಹೋಗುವ ಮಣ್ಣಿನ ದೇವತೆಗಳಲ್ಲಿ ಅಭಿರುಚಿಯುಳ್ಳವನು ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಆಗಿದೆ: ಈ ದೇವರು ಸರಿಯಾಗಿ ಕರಗುವನೆ?

ಈ ದೇವತೆಗಳ ಆಗಮನಕ್ಕೆ ಒಂದು ಕ್ರಮವುಂಟು. ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿದ ರೈತನು, ಅದರ ಮುಂದಿನ ಅಮಾವಾಸ್ಯೆಗೆ ಅವೇ ಎತ್ತುಗಳನ್ನು ಹಸಿ ಮಣ್ಣಿನಲ್ಲಿ ಕಂಡು, ಮೇವಿನ ಗ್ವಾದಲಿಯ ಸಹಿತ ಜಗಲಿಯ ಮೇಲಿರಿಸಿ ಪೂಜಿಸುವನು. ಮರುದಿನ ಮಕ್ಕಳು ಕುಂಟೆತ್ತು ಬಂದಿದೆಯೆಂದು ಮನೆಮನೆಗೆ ಹೋಗಿ ಜೋಳ ಬೇಡುವರು. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಕೂರಿಸಿ ಗುಲಗಂಜಿಯಿಂದಲೂ ಜೋಳದ ಕಾಳುಗಳಿಂದಲೂ ಸಿಂಗರಿಸುವರು. ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ್ಪ, ಅವನ ಬೆನ್ನಿಗೇ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯಂದು ಸಾಯುವ ಜೋಕುಮಾರ. ತರುವಾಯ ಪೈರು ಎದೆಯೆತ್ತರಕ್ಕೆ ನಿಲ್ಲುವ ಶೀಗಿ ಹುಣ್ಣಿಮೆಯಲ್ಲಿ ಹೊಲವೇ ಬಸುರಿ ತಾಯಿ. ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ನಿಲ್ಲಿಸಿ, ಕಡುಬು, ಹೋಳಿಗೆ, ಪುಂಡಿಪಲ್ಯಗಳನ್ನು ನೈವೇದ್ಯ ಮಾಡಿ, ಬೆಳೆಯ ಸಾಲುಗಳಲ್ಲಿ ಚರಗ ಚೆಲ್ಲಿ ಬರುವರು. ಗುಳ್ಳವ್ವನಿಗಾಗಲಿ ಜೋಕುಮಾರನಿಗಾಗಲಿ ಗುಡಿಯಿಲ್ಲ, ಅರ್ಚಕನಿಲ್ಲ, ಧರ್ಮಗ್ರಂಥವಿಲ್ಲ. ಋತು ಕರೆದಾಗ ಬರುವರು, ಅವಧಿ ತೀರಿದಾಗ ಹೊರಡುವರು.

ಇವರೆಲ್ಲರಲ್ಲಿ ನನ್ನ ಮನಸ್ಸನ್ನು ಅತ್ಯಂತ ಸೆಳೆದವನು ಜೋಕುಮಾರ. ಅಗಲವಾದ ಕಣ್ಣು, ಹುರಿಮಾಡಿದ ಮೀಸೆ, ತೆರೆದ ಬಾಯಿ, ಫಲವಂತಿಕೆಯನ್ನು ಸಂಕೋಚವಿಲ್ಲದೆ ಸಾರುವ ಪುರುಷಚಿಹ್ನೆ. ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕುಳಿತ ಅವನನ್ನು ಅಂಬಿಗರ, ಬಾರಕೇರರ ಮನೆತನಗಳ ಹೆಂಗಸರು ತಲೆಯ ಮೇಲೆ ಹೊತ್ತು, ಹಾಡುತ್ತ ಮನೆಯಿಂದ ಮನೆಗೆ ನಡೆಯುವರು. ಮನೆಯಾಕೆ ಮೊರದಲ್ಲಿ ಜೋಳ ತಂದು ನೀಡಿ, ಅವನ ತುಟಿಗೆ ಬೆಣ್ಣೆ ಸವರುವಳು. ಪ್ರತಿಯಾಗಿ ಬೇವಿನ ಎಸಳನ್ನು ಪಡೆಯುವಳು, ಅದು ಹೊಲವನ್ನು ಸೇರುವುದು. ದಿನಗಳುರುಳಿದಂತೆ ಬೆಣ್ಣೆಯ ಮೇಲೆ ಬೆಣ್ಣೆ ಕೂಡಿ, ಊರಿನ ಅಷ್ಟೂ ಮನೆಗಳ ಹೈನು ಆ ಒಂದು ಬಾಯಿಯಲ್ಲಿ ಮೆತ್ತಿಕೊಂಡಿರುವುದನ್ನು ಹತ್ತಿರದಿಂದ ನೋಡಿದವನಿಗೆ, ಭಕ್ತಿಯೆಂಬುದು ಕೈಬೆರಳಿನ ಕೆಲಸವೂ ಹೌದೆಂಬುದು ಮನವರಿಕೆಯಾಗದಿರದು. ಹುಣ್ಣಿಮೆಯ ರಾತ್ರಿ ಅವನನ್ನು ಒನಕೆಯಿಂದ ಬಡಿದು ಕೊಂದು, ಹಳ್ಳದ ನೀರಿಗೆ ಒಪ್ಪಿಸಿ, ಹೆಂಗಸರು ಶೋಕಿಸುವರು; ಅವನ ನರಳಾಟ ಕೇಳಿಸೀತೆಂದು ಅಗಸರು ಮೂರು ದಿನ ಆ ಹಳ್ಳದಲ್ಲಿ ಬಟ್ಟೆ ಒಗೆಯದಿರುವ ಪದ್ಧತಿ ಕೆಲವು ಊರುಗಳಲ್ಲಿ ಉಂಟು.

ಈ ಸಾವಿಗೆ ಕಾರಣವಾದರೂ ಏನು? ಜನರು ಹೇಳುವ ಕಥೆಯೇ ಉತ್ತರ. ಗಣಪ್ಪನು ಉಳ್ಳವರ ಮನೆಯಲ್ಲಿ ಕಡುಬು ತಿಂದು ಕೈಲಾಸಕ್ಕೆ ಮರಳಿ, ಭೂಲೋಕದಲ್ಲಿ ಎಲ್ಲರೂ ಸುಖವಾಗಿರುವರೆಂದು ಶಿವನಿಗೆ ಒರೆಯುವನಂತೆ. ಬಡವರ ಕೇರಿ ಸುತ್ತಿ, ಒಣಗಿದ ಹೊಲಗಳನ್ನು ಕಂಡು, ಪೆಟ್ಟು ತಿಂದು ಸತ್ತುಹೋದ ಜೋಕುಮಾರನು ಮಾತ್ರ ಮಳೆಯಿಲ್ಲದ ನಾಡಿನ ಸಂಕಟವನ್ನು ಇದ್ದುದಿದ್ದಂತೆ ಅರಿಕೆ ಮಾಡುವನಂತೆ. ಅದನ್ನು ಕೇಳಿ ಶಿವನು ಮಳೆ ಕಳುಹುವನಂತೆ. ಇಲ್ಲಿಯೇ ಉಳಿದುಬಿಟ್ಟ ದೇವರು ಅಲ್ಲಿ ಹೋಗಿ ಸಾಕ್ಷಿ ನುಡಿಯುವುದೆಂತು? ಹಾಗಾಗಿ ಅವನ ವಿಸರ್ಜನೆಯು ಪೂಜೆಯ ಬಾಲವಲ್ಲ, ಪೂಜೆಯ ಪ್ರಯೋಜನವೇ ಅದು. ಚಂದ್ರಶೇಖರ ಕಂಬಾರರು 1972ರ ತಮ್ಮ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಉಳುವವನ ಹಕ್ಕಿನ ಪ್ರಶ್ನೆಯನ್ನು ಈ ದೇವರ ಹುಟ್ಟುಸಾವುಗಳ ಆಚರಣೆಯೊಳಗೇ ಇರಿಸಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬಡವರ ಪರವಾಗಿ ಸತ್ತು ಮಾತಾಡುವ ಶಕ್ತಿ ಆ ದೇವರಲ್ಲಿ ಮೊದಲೇ ಇತ್ತು.

ಹೀಗೆ ಬಂದುಹೋಗುವ ದೇವತೆಗಳ ಲೋಕಕ್ಕೆ ಹತ್ತಿರದ ಇನ್ನೊಂದು ಲೋಕ ದೂರದ ಜಪಾನಿನಲ್ಲಿದೆ. ಅಲ್ಲಿಯ ಶಿಂಟೋ ಧರ್ಮಕ್ಕೆ ಸಂಸ್ಥಾಪಕನಿಲ್ಲ. ಮರ, ಬಂಡೆ, ಜಲಪಾತ, ಪರ್ವತಗಳಲ್ಲಿ ಕಾಮಿ ಎಂಬ ದಿವ್ಯಸತ್ತ್ವಗಳು ನೆಲೆಸುವುವು. ಬೆಟ್ಟದ ಕಾಮಿಯು ವಸಂತದಲ್ಲಿ ಇಳಿದುಬಂದು ಗದ್ದೆಯ ದೇವತೆಯಾಗಿ, ಕೊಯ್ಲಾದ ಬಳಿಕ ಬೆಟ್ಟಕ್ಕೆ ಹಿಂದಿರುಗುವನೆಂದು ಅಲ್ಲಿಯ ರೈತರು ನಂಬಿದ್ದರು. ಆ ನಾಡಿನ ಪರಮಪವಿತ್ರ ಕ್ಷೇತ್ರವಾದ ಇಸೆಯಲ್ಲಿ ಬಣ್ಣ ಬಳಿಯದ ಹಿನೋಕಿ ಮರದಿಂದ ಕಟ್ಟಿದ ದೇವಾಲಯವನ್ನು 20 ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ನಿರ್ಮಿಸಿ ಹಳೆಯದನ್ನು ಕಳಚುವರು, ಕ್ರಿ.ಶ. 690ರಲ್ಲಿ ಆರಂಭವಾದ ಈ ಪದ್ಧತಿ ಯುದ್ಧಕಾಲಗಳಲ್ಲಿ ಕಡಿದುಹೋದರೂ ಮತ್ತೆ ಕೂಡಿಕೊಂಡು, 2013ರಲ್ಲಿ 62ನೆಯ ಬಾರಿ ನೆರವೇರಿತು. ಹಯಾವೊ ಮಿಯಾಝಾಕಿಯವರು ಇಂಥ ನಂಬಿಕೆಗಳ ತಳಹದಿಯ ಮೇಲೆ ತಮ್ಮದೇ ಆದ ಕಾಲ್ಪನಿಕ ದೇವಲೋಕವೊಂದನ್ನು 2001ರ ‘ಸ್ಪಿರಿಟೆಡ್ ಅವೇ’ ಚಿತ್ರದಲ್ಲಿ ಕಟ್ಟಿದರು. ದುರ್ಗಂಧ ಬೀರುತ್ತ ಸ್ನಾನಗೃಹಕ್ಕೆ ಬಂದ ನದೀದೇವತೆಯ ಮೈಯೊಳಗಿಂದ ಸೈಕಲ್ಲೂ ರಾಶಿ ಕಸವೂ ಹೊರಬಿದ್ದು ಅವನು ನಿರ್ಮಲನಾಗುವ ಪ್ರಸಂಗವನ್ನು ಕಂಡು ಬೆರಗಾಗುವ ನಮ್ಮ ತರುಣರು, ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ಅದನ್ನೊಮ್ಮೆ ನೆನೆಯಬೇಕೆಂದು ನನ್ನ ಆಸೆ.

ನೀರಿಗೆ ಬಿಟ್ಟ ದೇವರು ನೀರಿಗೇ ಭಾರವಾಗಬಾರದು. ಪ್ಲಾಸ್ಟರ್ ಮೂರ್ತಿ ಎಷ್ಟೇ ಸುಂದರವಾಗಿರಲಿ, ಮುಳುಗಿದ ಮೇಲೂ ಸೊಂಡಿಲು, ಕೈ, ಕಿರೀಟಗಳಾಗಿ ಕೆರೆಯ ತಳದಲ್ಲಿ ಬಿದ್ದಿರುವುದು. ಸುಟ್ಟ ಮಣ್ಣೂ ಸಲ್ಲದು. ಆವಿಗೆಯ ಬೆಂಕಿ ಒಮ್ಮೆ ಹಿಡಿದ ಮಣ್ಣು ಗಡಿಗೆಯಾದೀತು, ಹೆಂಚಾದೀತು, ಮರಳಿ ಕೆಸರಾಗದು. ಎಣ್ಣೆಬಣ್ಣ ಬಳಿದರೆ ನೀರು ಒಳಗಿಳಿಯಲು ದಾರಿಯೇ ಇಲ್ಲ. ಕೆರೆಯ ಗೋಡುಮಣ್ಣನ್ನು ಹರಳಿಲ್ಲದಂತೆ ಆರಿಸಿ, ಹತ್ತಿಯ ಎಳೆ ಬೆರೆಸಿ ಕುಟ್ಟಿ ಹದಗೊಳಿಸಿ, ನೆರಳಿನಲ್ಲಿ ಸಾವಕಾಶವಾಗಿ ಒಣಗಿಸಿ, ಸುಣ್ಣ-ಜಾಜುಗಳಿಂದ ಸಿಂಗರಿಸಿದ ಮೂರ್ತಿಯೇ ಉತ್ತಮ. ಇಲ್ಲೊಂದು ಸೂಕ್ಷ್ಮವುಂಟು: ಅರೆಹಸಿಯಾಗಿರುವ ಮಣ್ಣು ನೀರಿನಲ್ಲಿ ಮೊಂಡುಹಿಡಿದು ಕೂಡುವುದು, ಪೂರ್ತಿ ಒಣಗಿದ ಮಣ್ಣಾದರೋ ನೀರನ್ನು ಕೂಡಲೆ ಹೀರಿ, ಗುಳ್ಳೆಗಳನ್ನೆಬ್ಬಿಸಿ, ಪದರು ಪದರಾಗಿ ಕುಸಿಯುವುದು. ಹೀಗಾಗಿ ಹಬ್ಬದ ಹಿಂದಿನ ರಾತ್ರಿ ಅವಸರದಲ್ಲಿ ಮಾಡಿದ ಮೂರ್ತಿಗಿಂತ ವಾರಗಟ್ಟಲೆ ಮುಂಚೆ ಮಾಡಿದ್ದು ಮೇಲು.

ಮಣ್ಣೆತ್ತನ್ನು ಕೊಳ್ಳುವಾಗ ಹೆಗಲ ಮೇಲಣ ಡುಬ್ಬವನ್ನು ನೋಡಿರಿ. ಹೆಬ್ಬೆರಳು ತೋರುಬೆರಳುಗಳ ಒಂದೇ ಚಿವುಟಿನಲ್ಲಿ ಅದನ್ನೆತ್ತಿದ ಕುಂಬಾರನ ಬೆರಳಚ್ಚು ಅಲ್ಲಿ ಕಾಣಬೇಕು, ಅಚ್ಚಿನಿಂದ ಬಂದ ಎತ್ತಿಗೆ ಆ ಸುಳಿ ಇರದು. ಮೂರ್ತಿ ಮಾಡಿದ ಮಣ್ಣಿನದೇ ಒಂದು ಒಣಗಿದ ಹೆಂಟೆಯನ್ನು ಕೇಳಿ ತಂದು ಮನೆಯಲ್ಲಿ ಚರಿಗೆಯ ನೀರಿಗೆ ಹಾಕಿರಿ. ತುಸು ಹೊತ್ತಿನಲ್ಲಿ ಅದು ಕೆಸರಾಗಿ ತಳಕ್ಕಿಳಿದರೆ ನಿಮ್ಮ ಆಯ್ಕೆ ಸರಿಯಾಯಿತು. ನಮ್ಮ ಹಿರಿಯರು ಚಿರಸ್ಥಾಯಿಯಾದ ದೇವರನ್ನು ಮಾಡಲರಿಯದೆ ಮಣ್ಣಿನ ದೇವರನ್ನು ಮಾಡಿದವರಲ್ಲ. ಅಣ್ಣಿಗೇರಿಯ ಅಮೃತೇಶ್ವರನಿಗೆ ಕಲ್ಲಿನಲ್ಲಿ ಕಟ್ಟಿದ ದೇವಾಲಯ ಈ ಜಿಲ್ಲೆಯಲ್ಲೇ ನಿಂತಿದೆ. ಕಲ್ಲಿನ ದೇವರಿಗೆ ಉಳಿಯುವ ಕರ್ತವ್ಯವನ್ನೂ ಮಣ್ಣಿನ ದೇವರಿಗೆ ಹೋಗಿಬರುವ ಕರ್ತವ್ಯವನ್ನೂ ಅವರು ಬೇರೆಬೇರೆಯಾಗಿ ಒಪ್ಪಿಸಿದ್ದರು, ಮತ್ತು ಎರಡನೆಯದನ್ನು ಕಿರಿದೆಂದು ಅವರು ಎಂದೂ ಎಣಿಸಿರಲಿಲ್ಲ.